ಸದರಿನಲ್ಲಿ ಎರಡು ದಿನ

ಪಾವಗಡದಿಂದ ಹೊರಟ ನಾವಿಬ್ಬರು ಗೆಳತಿಯರು ಬೆಂಗಳೂರಿನಲ್ಲಿ ರೈಲು ಹತ್ತಿ, ಬಲ್ಲಾರ್‌ಶಾ ದಾಟಿ ನಾಗಪುರ ಸೇರಿದೆವು. ಸದರ್ ಬಡಾವಣೆಯಲ್ಲಿ ಬಿಡಾರ. ಅಲ್ಲಿ ಮೊದಲು ಎದುರಾದದ್ದು ‘ತರ್ರಿ ಪೋಹಾ’. ನಮ್ಮ ಅವಲಕ್ಕಿಯೇ, ಆದರೆ ಮೇಲೆ ಕಡಲೆಯ ಖಾರದ ಸಾರು! ಕಣ್ಣೊರೆಸಿಕೊಳ್ಳುತ್ತಲೇ ತಟ್ಟೆ ಬರಿದು ಮಾಡಿದೆವು. 1863ರಲ್ಲಿ ಸ್ಥಾಪನೆಯಾದ ವಸ್ತುಸಂಗ್ರಹಾಲಯ ‘ಅಜಬ್ ಬಂಗ್ಲಾ’ವನ್ನೂ ಕಂಡೆವು.

ಆದರೆ ಬಂದ ಕಾರ್ಯ ಬೇರೆ. 1958ರಲ್ಲಿ ಈ ನಗರದಲ್ಲಿ ಆರಂಭವಾಗಿ, ಈಗ ‘ನೀರಿ’ ಎಂದು ಹೆಸರಾದ ಸಂಶೋಧನಾಲಯವು ಪಟಿಕ, ಸುಣ್ಣ ಬೆರೆಸಿ ನೀರಿನ ಫ್ಲೋರೈಡ್ ತೆಗೆಯುವ ‘ನಲ್ಗೊಂಡ ವಿಧಾನ’ವನ್ನು ರೂಪಿಸಿತು. ನಮ್ಮ ತಾಲ್ಲೂಕಿನಲ್ಲಿ ಮಕ್ಕಳ ಹಲ್ಲು ಕೆಡಿಸಿ, ಹಿರಿಯರ ಮೂಳೆ ಬಾಗಿಸಿದ ಪೀಡೆ ಆ ಫ್ಲೋರೈಡೇ. ಎಂ.ಎಸ್ಸಿ. ಮುಗಿದಿದೆ, ಇಲ್ಲಿ ಪಿಎಚ್.ಡಿ. ಮಾಡಬೇಕೆಂಬುದು ನಮ್ಮ ಹಂಬಲ. ಮನೆಯವರು ಒಂದು ವರ್ಷದ ಗಡುವು ಕೊಟ್ಟಿದ್ದಾರೆ. ವಾಚಕರ ಹರಕೆಯಿರಲಿ.