ನೀರು ಒಡೆದರೆ ಕುಡಿಯೋದೇನು?

ಹೋದ ವಾರ ಊರಿಗೆ ಹೋಗಿದ್ದೆ. ನಮ್ಮೂರು ಕಾಮಸಮುದ್ರ, ಬಂಗಾರಪೇಟೆಯಿಂದ ಕುಪ್ಪಂ ಕಡೆ ಹೋಗುವ ರೈಲಿನ ದಾರಿಯಲ್ಲಿ ಸಿಗುತ್ತೆ. ಸಮುದ್ರ ಇರೋದು ಹೆಸರಲ್ಲಿ ಮಾತ್ರ ಬಿಡಿ! ಚಿಕ್ಕಮ್ಮನ ತೋಟದಲ್ಲಿ ಎರಡು ಬೋರ್‌ವೆಲ್ ಬತ್ತಿಹೋಗಿ, ಮೂರನೆಯದು ಬಿಟ್ಟು ಬಿಟ್ಟು ನೀರೆತ್ತುತ್ತಿದೆ.

ಜಗಲಿಯಲ್ಲಿ ಕೂತು, ಬಿಸಿಲಿನಿಂದಲೇ ನೀರನ್ನು ಒಡೆದು ಹೈಡ್ರೋಜನ್ ಇಂಧನ ಮಾಡೋ ವಿಷಯ ಹೇಳ್ತಾ ಇದ್ದೆ. ಹೈಸ್ಕೂಲಲ್ಲಿ ನೀರಿಗೆ ಬ್ಯಾಟರಿ ಜೋಡಿಸಿ ಗುಳ್ಳೆ ಎಬ್ಬಿಸಿದ್ದು ನಿಮಗೂ ನೆನಪಿರಬಹುದು. 1972ರಲ್ಲಿ ಜಪಾನಿನ ಫುಜಿಶಿಮಾ ಮತ್ತು ಹೋಂಡಾ ಆ ಕೆಲಸವನ್ನು ಬೆಳಕಿಗೆ ಒಪ್ಪಿಸಿದರು. ಬಳಸಿದ್ದು ಟೈಟಾನಿಯಂ ಡೈಆಕ್ಸೈಡ್, ಗೋಡೆಯ ಬಿಳಿ ಬಣ್ಣದಲ್ಲಿರುತ್ತಲ್ಲ, ಅದೇ. ಆದರೆ ಅದಕ್ಕೆ ಹಿಡಿಸೋದು ನೇರಳಾತೀತ ಕಿರಣ ಮಾತ್ರ. ಬಿಸಿಲಿನಲ್ಲಿ ಅದು ನೂರಕ್ಕೆ ನಾಲ್ಕೈದು ಪಾಲು ಅಷ್ಟೇ. ಕಣ್ಣಿಗೆ ಕಾಣುವ ಬೆಳಕನ್ನೂ ದುಡಿಸಿಕೊಳ್ಳುವ ವಸ್ತುವಿಗಾಗಿ ಅಂದಿನಿಂದ ಹುಡುಕಾಟ ನಡೆದೇ ಇದೆ.

ಬೆಂಗಳೂರಿನ ಜಕ್ಕೂರಿನಲ್ಲೂ ನಡೆದಿದೆ. ಜವಾಹರಲಾಲ್ ನೆಹರೂ ಕೇಂದ್ರದಲ್ಲಿ ಸಿ.ಎನ್.ಆರ್. ರಾವ್ ಮತ್ತು ಸಂಗಡಿಗರು ಮಾಲಿಬ್ಡಿನಂ ಸಲ್ಫೈಡಿನ ತೆಳು ಪದರಗಳಿಂದ ಕಾಣುವ ಬೆಳಕಿನಲ್ಲೇ ಹೈಡ್ರೋಜನ್ ಎಬ್ಬಿಸಿ 2013ರಲ್ಲಿ ಪ್ರಕಟಿಸಿದರು. ಆದರೆ ಆ ಪ್ರಯೋಗಕ್ಕೆ ನೀರಿನ ಜೊತೆ ಸವೆದುಹೋಗುವ ಇನ್ನೊಂದು ರಾಸಾಯನಿಕವೂ ಬೇಕಿತ್ತು. ಬರೀ ನೀರು, ಬರೀ ಬಿಸಿಲು, ಜೊತೆಗೆ ವರ್ಷಗಟ್ಟಲೆ ಬಾಳಿಕೆ... ಕಷ್ಟ ಇರೋದು ಅಲ್ಲೇ.

ಚಿಕ್ಕಮ್ಮ ಅವರೆಕಾಯಿ ಬಿಡಿಸ್ತಾ ಎಲ್ಲಾ ಕೇಳಿಸಿಕೊಂಡ್ರು. ಆಮೇಲೆ, "ಅಲ್ಲಪ್ಪಾ, ಇರೋ ನೀರನ್ನೂ ಒಡೆದುಹಾಕಿದ್ರೆ ನಾವು ಕುಡಿಯೋದೇನು?" ಅಂದ್ರು.

ನಕ್ಕುಬಿಟ್ಟೆ. ಲೆಕ್ಕ ಹೇಳಿದೆ. ಒಂದು ಕೆ.ಜಿ. ಹೈಡ್ರೋಜನ್‌ಗೆ 9 ಲೀಟರ್ ನೀರು, ಒಂದು ಬಿಂದಿಗೆಯೂ ಬೇಡ. ಅಷ್ಟರಲ್ಲಿ ಕಾರು ಸುಮಾರು 100 ಕಿ.ಮೀ. ಓಡುತ್ತೆ. ಬಿಸಿಲಿನ ಹತ್ತನೇ ಒಂದು ಪಾಲು ಹಿಡಿದರೂ, ದಿನಕ್ಕೊಂದು ಕೆ.ಜಿ. ಮಾಡೋಕೆ 20-30 ಸೈಟಿಗಿಂತ ಚೂರು ಹೆಚ್ಚು ಜಾಗ ಸಾಕು. ಉರಿದ ಮೇಲೆ ಅದು ಮತ್ತೆ ನೀರೇ ಆಗುತ್ತೆ.

"ಎಲ್ಲಿ ಆಗುತ್ತೆ?"

ಬಾಯಿ ಕಟ್ಟಿತು. ಕಾರು ಓಡುವ ಕಡೆ ಆಗುತ್ತೆ, ಬೆಂಗಳೂರಿನ ರಸ್ತೆ ಮೇಲೆ, ಆವಿಯಾಗಿ. ನಮ್ಮ ಬೋರ್‌ವೆಲ್‌ಗಂತೂ ವಾಪಸ್ ಬರಲ್ಲ.

ನಮ್ಮ ಸೀಮೆಗೆ ಇದು ಹೊಸ ಪಾಠ ಅಲ್ಲ. 1902ರಲ್ಲೇ ಶಿವನಸಮುದ್ರದಿಂದ ಸುಮಾರು 147 ಕಿ.ಮೀ. ತಂತಿ ಎಳೆದು ಕೆಜಿಎಫ್ ಗಣಿಗೆ ಕರೆಂಟು ತಂದರು. ಬೆಂಗಳೂರಿಗೇ ಅದು ಬಂದದ್ದು 1905ರಲ್ಲಿ. ಪಕ್ಕದ ನಮ್ಮೂರಲ್ಲಿ ಮಾತ್ರ ಅಜ್ಜಿ ಬುಡ್ಡಿದೀಪದಲ್ಲೇ ಸಂಸಾರ ಮಾಡಿದ್ದು. ಚಿನ್ನ ಹೊರಗೆ ಹೋಯ್ತು, 2001ರಲ್ಲಿ ಗಣಿ ಮುಚ್ಚಿತು, ನಮಗೆ ಉಳಿದದ್ದು ಸೈನೈಡ್ ದಿಬ್ಬ.

2023ರ ಜನವರಿಯಲ್ಲಿ ಕೇಂದ್ರ ಸರ್ಕಾರ ಹಸಿರು ಹೈಡ್ರೋಜನ್‌ಗೆ 19,744 ಕೋಟಿ ರೂಪಾಯಿಯ ಯೋಜನೆ ಒಪ್ಪಿತು. 2030ರ ಹೊತ್ತಿಗೆ ವರ್ಷಕ್ಕೆ 50 ಲಕ್ಷ ಟನ್ ಗುರಿ. ಬಿಸಿಲು ನಮ್ಮಲ್ಲಿ ಧಾರಾಳ. ನಾಳೆ ಇಂಥ ಘಟಕ ನಮ್ಮ ಕಡೆ ಬಂದರೆ ಬೇಡ ಅನ್ನಲ್ಲ ನಾನು. ಯಾವ ನೀರು, ಯಾರ ಪಾಲಿನದು ಅಂತ ಮೊದಲು ಕೇಳ್ತೀನಿ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಕೊಳಚೆ ನೀರು ಸಂಸ್ಕರಣೆಯಾಗಿ ಕೋಲಾರದ ಕೆರೆಗಳಿಗೆ ಬರ್ತಿದೆ. ಬೆಂಗಳೂರಿನ ಕಾರಿಗೆ ಬೆಂಗಳೂರಿನ ಕೊಳಚೆಯನ್ನೇ ಇನ್ನಷ್ಟು ಶುದ್ಧ ಮಾಡಿ ಒಡೆಯಲಿ, ಅಂತರ್ಜಲ ಮುಟ್ಟೋದು ಬೇಡ.

ಇದನ್ನೆಲ್ಲ ಚಿಕ್ಕಮ್ಮನಿಗೆ ಹೇಳೋಣ ಅಂತ ಬಾಯಿ ತೆರೆದೆ. ಅಷ್ಟರಲ್ಲಿ ಅವರೇ ಎದ್ದರು.

"ಮಾತು ಸಾಕು, ನಲ್ಲೀಲಿ ನೀರು ಬಂತು. ಬಿಂದಿಗೆ ಹಿಡಿ ನಡಿ."