ಮಲಪ್ರಭೆಯ ದಂಡೆಯ ಹಳೆಯ ಹರಿಗೋಲು

ಧಾರವಾಡದಿಂದ ರಾಮದುರ್ಗಕ್ಕೆ ಹೋಗುವವರು ಸಾಮಾನ್ಯವಾಗಿ ಸವದತ್ತಿಯ ನೇರ ದಾರಿಯನ್ನೇ ಹಿಡಿಯುತ್ತಾರೆ. 2022ರ ಏಪ್ರಿಲ್ ತಿಂಗಳಲ್ಲಿ ಮಕ್ಕಳ ಪರೀಕ್ಷೆಗಳು ಮುಗಿದ ಮೇಲೆ ಸಕುಟುಂಬರಾಗಿ ಹೊರಟ ನಾವು ಕಿತ್ತೂರು, ಬೈಲಹೊಂಗಲಗಳ ಸುತ್ತುದಾರಿಯನ್ನು ಆಯ್ದುಕೊಂಡೆವು. ಮಲಪ್ರಭೆಯನ್ನು ಮೂರು ನಾಲ್ಕು ಕಡೆಗಳಲ್ಲಾದರೂ ಕಂಡು ಅದರ ಜೊತೆಗೇ ಕೆಳಗಿಳಿಯಬೇಕೆಂಬ ಆಸೆ ಒಂದು; ದಾರಿಯಲ್ಲಿ ಬಿದಿರು ಕೊಳ್ಳುವ ಕೆಲಸ ಇನ್ನೊಂದು. ರಾಮದುರ್ಗ ತಾಲೂಕಿನ ನದೀತೀರದಲ್ಲಿ ನಮ್ಮ ತಾಯಿಯವರ ತವರುಮನೆಯಿದೆ. ಆ ಮನೆಯ ಜಂತಿಗೆ ಕಟ್ಟಿದ್ದ ಹಳೆಯ ಹರಿಗೋಲೊಂದನ್ನು ನಮ್ಮ ಕೈಯಿಂದಲೇ ದುರಸ್ತಿ ಮಾಡಿ ನೀರಿಗಿಳಿಸುವೆವೆಂದು ಸೋದರಮಾವನವರಿಗೆ ಮಾತು ಕೊಟ್ಟಿದ್ದೆವು.

ಆ ಮಾತು ಹುಟ್ಟಿದ್ದು 2019ರ ಆಗಸ್ಟ್ ತಿಂಗಳ ಮಹಾಪೂರದಲ್ಲಿ. ನವಿಲುತೀರ್ಥದ ಅಣೆಕಟ್ಟಿನಿಂದ ಹರಿದುಬಂದ ನೀರು ಮುನವಳ್ಳಿಯನ್ನು ಹೊಕ್ಕು, ರಾಮದುರ್ಗದ ಓಣಿಗಳಿಗೆ ನುಗ್ಗಿ, ನದೀತೀರದ ಹಳ್ಳಿಗಳನ್ನು ಸುತ್ತುವರಿಯಿತು. ಮಾವನವರ ಊರಿನ ಸೇತುವೆ ಮುಳುಗಿತು. ತೋಟದ ಮನೆಯಲ್ಲಿ ಸಿಕ್ಕಿಕೊಂಡಿದ್ದ ಇಬ್ಬರು ಹೆಣ್ಣುಮಕ್ಕಳನ್ನೂ ಒಂದು ಕೂಸನ್ನೂ ಬೆಲ್ಲ ಕಾಯಿಸುವ ಕೊಪ್ಪರಿಗೆಯಲ್ಲಿ ಕುಳ್ಳಿರಿಸಿ, ಹಗ್ಗ ಕಟ್ಟಿ, ಎದೆಮಟ್ಟದ ನೀರಿನಲ್ಲಿ ಎಳೆದುತಂದರು. ಅಂದು ಊರವರ ಬಾಯಲ್ಲೆಲ್ಲ ಒಂದೇ ಮಾತು: "ಗೌಡ್ರ ಮನ್ಯಾಗ ಹರಗೋಲ ಐತಲ್ಲ!" ಹರಿಗೋಲೇನೋ ಇತ್ತು. ಅದರ ಹೊದಿಕೆ ಎಂದೋ ಜೀರ್ಣವಾಗಿ ಉದುರಿ, ಬಿದಿರಿನ ಗೂಡು ಮಾತ್ರ ಉಳಿದಿತ್ತು. ಈ ಸಂಗತಿಯನ್ನು ಹೇಳುವಾಗ ಮಾವನವರು ತಲೆ ತಗ್ಗಿಸಿದ್ದು ನಮಗೆ ನೆನಪಿದೆ. ಅದರ ಪೂರ್ಣ ಕಾರಣ ಆಗ ತಿಳಿದಿರಲಿಲ್ಲ.

ಕಿತ್ತೂರಿನ ಕೋಟೆಯ ಕಥೆಯನ್ನು ಈ ಪತ್ರಿಕೆಯ ಓದುಗರಿಗೆ ಹೊಸದಾಗಿ ಹೇಳಬೇಕಾಗಿಲ್ಲ. 1824ರ ಅಕ್ಟೋಬರ್ 23ರಂದು ಥ್ಯಾಕರೆ ಮಡಿದ ಸ್ಥಳವೆಂದು ಮಕ್ಕಳು ಪಾಠದ ಮಾತನ್ನು ಒಪ್ಪಿಸಿದರು. ಬಿಸಿಲು ಏರುವ ಮೊದಲೇ ಅಲ್ಲಿಂದ ಹೊರಟೆವು. ಎಂ.ಕೆ. ಹುಬ್ಬಳ್ಳಿಯಲ್ಲಿ ಮಾತ್ರ ಬಹಳ ಹೊತ್ತು ನಿಂತೆವು. ಇಲ್ಲಿ ಮಲಪ್ರಭೆಯ ಪಾತ್ರದಲ್ಲಿ ತಾಯಿ ಗಂಗಾಂಬಿಕೆಯವರ ಐಕ್ಯಮಂಟಪವಿದೆ. ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟಿದ ಈ ನದಿ ಸತಿಯ ಐಕ್ಯಸ್ಥಳವನ್ನು ಮುಟ್ಟಿ, ಕೊನೆಗೆ ಕೂಡಲಸಂಗಮದಲ್ಲಿ ಪತಿಯ ಐಕ್ಯಸ್ಥಳದ ಬಳಿ ಕೃಷ್ಣೆಯನ್ನು ಸೇರುತ್ತದೆ ಎಂಬುದನ್ನು ನೆನೆದಾಗ ಕೈಗಳು ತಾವಾಗಿಯೇ ಜೋಡಿಸಿದವು. ಕಲ್ಯಾಣದ ವಿಪ್ಲವದ ನಂತರ ಚೆನ್ನಬಸವಣ್ಣನವರೊಡನೆ ಉಳವಿಯತ್ತ ನಡೆದ ಶರಣರು ಕಾದರವಳ್ಳಿಯ ಈ ಸೀಮೆಯನ್ನು ಹಾದುಹೋದರೆಂದು ಪರಂಪರೆ ಹೇಳುತ್ತದೆ. ಅಷ್ಟು ಜನ ಹೊಳೆ ದಾಟಬೇಕಾದರೆ ಯಾರೋ ಅಂಬಿಗರು ಗಳ ಹಿಡಿದು ನಿಂತಿರಲೇಬೇಕು. ಆದರೆ ನಾವು ಚಿಕ್ಕಂದಿನಿಂದ ಕೇಳಿದ ಕಥೆಗಳಲ್ಲಿ ಹೊಳೆ ಬರುತ್ತದೆ, ದಂಡು ಬರುತ್ತದೆ, ಅಂಬಿಗ ಮಾತ್ರ ಬರುವುದಿಲ್ಲ.

ಬೈಲಹೊಂಗಲದಲ್ಲಿ ರಾಣಿ ಚೆನ್ನಮ್ಮನವರ ಸಮಾಧಿಗೆ ಹೂವೇರಿಸಿ, ಮೇದಾರರ ಓಣಿಯನ್ನು ಕೇಳಿಕೊಂಡು ಹೋದೆವು. ಬುಟ್ಟಿ ಹೆಣೆಯುತ್ತಿದ್ದ ಹಿರಿಯ ತಾಯಿಯೊಬ್ಬರು ನಾವು ಆರಿಸಿದ ಹಸಿರು ಬಿದಿರುಗಳನ್ನು ಕಂಡು ನಕ್ಕುಬಿಟ್ಟರು. "ಎಳೀ ಬಿದರ ಹುಳಾ ತಿಂತೈತ್ರಿ, ಯಪ್ಪಾ. ಬಲಿತದ್ದು ತೊಗೋರಿ, ನೀರಾಗ ನೆನಿ ಹಾಕ್ರಿ." ಎಳೆಯ ಬಿದಿರಿನಲ್ಲಿ ಹಿಟ್ಟಿನಂಶ ಹೆಚ್ಚು, ಹುಳುವಿಗೆ ಅದೇ ಆಹಾರ. ನೀರಿನಲ್ಲಿ ಕೆಲವು ವಾರ ಮುಳುಗಿಸಿಟ್ಟರೆ ಆ ಅಂಶ ಕರಗಿಹೋಗುತ್ತದೆ. ಮೇದಾರ ಕೇತಯ್ಯನವರ ಹೆಸರನ್ನು ಪ್ರವಚನಗಳಲ್ಲಿ ಎಷ್ಟೋ ಸಲ ಕೇಳಿದ್ದ ನಮಗೆ ಬಲಿತ ಬಿದಿರು ಯಾವುದೆಂದು ಗುರುತಿಸುವ ಜ್ಞಾನ ಅಂದಿನವರೆಗೆ ಇರಲಿಲ್ಲ!

ಸವದತ್ತಿಯಲ್ಲಿ ಎಲ್ಲಮ್ಮನ ಗುಡ್ಡದ ಜನಸಂದಣಿಯನ್ನು ದೂರದಿಂದಲೇ ಕಂಡು ನವಿಲುತೀರ್ಥಕ್ಕೆ ಇಳಿದೆವು. ಎರಡು ಗುಡ್ಡಗಳ ನಡುವಿನ ಇಕ್ಕಟ್ಟಿನಲ್ಲಿ ನದಿಯನ್ನು ತಡೆದು 1972ರಲ್ಲಿ ಪೂರ್ಣಗೊಂಡ ಈ ಅಣೆಕಟ್ಟಿನ ಹಿಂದೆ ರೇಣುಕಾಸಾಗರ ಹರಡಿದೆ. ಅದರ ಸಾಮರ್ಥ್ಯ 37.73 ಟಿ.ಎಂ.ಸಿ. ಕಾಲುವೆಯನ್ನು ಕಂಡ ನಮ್ಮ ಕಿರಿಯ ಮಗಳು "ಇದರಾಗ ದೋಣಿ ಹೋಗ್ತಾವೇನಪ್ಪಾ?" ಎಂದು ಕೇಳಿದಳು. ಪ್ರಶ್ನೆ ಸಣ್ಣದಲ್ಲ. ನಮ್ಮ ಗಡಿಯಾಚೆ, ತುಂಗಭದ್ರೆಯ ಸುಂಕೇಸುಲದಿಂದ ಹೊರಡುವ ಕರ್ನೂಲು-ಕಡಪಾ ಕಾಲುವೆಯನ್ನು 19ನೆಯ ಶತಮಾನದಲ್ಲಿ ತೋಡಿದಾಗ ನೀರಾವರಿಯೊಡನೆ ದೋಣಿ ಸಂಚಾರದ ಉದ್ದೇಶವೂ ಇದ್ದಿತು. ಮಲಪ್ರಭೆಯ ಕಾಲುವೆಗಳು ಹೊಲಕ್ಕೆ ನೀರು ಒಯ್ಯಲೆಂದೇ ಆದವು. ನಮ್ಮ ಭಾಗದಲ್ಲಿ ದೋಣಿಯೆಂದರೆ ಹೊಳೆಯನ್ನು ಅಡ್ಡ ದಾಟುವ ಹರಿಗೋಲು. ಅಣೆಕಟ್ಟಾದ ಮೇಲೆ ಹೊಳೆ ವರ್ಷದ ಬಹುಭಾಗ ಬತ್ತಿತು, ಊರೂರಿಗೆ ಸೇತುವೆಗಳಾದವು, ಹರಿಗೋಲು ಜಂತಿಯನ್ನೇರಿತು.

ಸಂಜೆ ರಾಮದುರ್ಗದ ಮಗ್ಗಗಳ ಸಪ್ಪಳವನ್ನು ಕೇಳುತ್ತ ಹಾದು ಊರು ಸೇರಿದೆವು.

ಹರಿಗೋಲನ್ನು ಇಳಿಸುವುದೇ ಒಂದು ಹಬ್ಬವಾಯಿತು. 9 ಅಡಿ ಅಗಲದ ದುಂಡನೆಯ ಬುಟ್ಟಿ. ಬಚ್ಚಲೊಲೆಯ ಹೊಗೆಗೆ ಕರ್ರಗಾಗಿ, ಮುಟ್ಟಿದರೆ ಕಬ್ಬಿಣದಂತಿತ್ತು. ಆ ಹೊಗೆಯೇ ಅದನ್ನು ಹುಳುವಿನಿಂದ ಕಾಯ್ದಿತ್ತು. ತಳದಲ್ಲಿ ಐದಾರು ಸೀಳುಗಳು ಮುರಿದಿದ್ದವು, ಮೇಲಂಚು ಒಂದು ಕಡೆ ಬಿಚ್ಚಿಕೊಂಡಿತ್ತು. ಇಷ್ಟೇ ತಾನೆ ಎಂದು ಮರುದಿನ ಬೆಳಿಗ್ಗೆ ಸುತ್ತಿಗೆ, ಮೊಳೆ ಹಿಡಿದು ಕುಳಿತೆವು. ಮೊದಲನೆಯ ಮೊಳೆಗೆ ಹೊಸ ಸೀಳು ಬಿರಿಯಿತು. ಎರಡನೆಯದಕ್ಕೆ ಅದರ ಕೆಳಗಿನ ಹಳೆಯ ಸೀಳೂ ಬಿರಿಯಿತು. ಮಧ್ಯಾಹ್ನದ ಹೊತ್ತಿಗೆ ನಾವು ಬಂದಾಗ ಇದ್ದುದಕ್ಕಿಂತ ಹರಿಗೋಲಿನ ಸ್ಥಿತಿ ಕೆಟ್ಟಿತ್ತು.

"ಅಂಬಿಗರ ಕಾಕಾನ್ನ ಕರೀಬೇಕು," ಎಂದರು ನಮ್ಮ ತಾಯಿ. ಮಾವನವರು ಸುಮ್ಮನಿದ್ದರು. ಬಹಳ ಹೊತ್ತಿನ ಮೇಲೆ, "ಯಾವ ಮಾರಿ ತೊಗೊಂಡು ಹೋಗೂದಕ್ಕಾ?" ಎಂದು ಒಳಗೆ ಹೋಗಿ ಅಜ್ಜನವರ ಖಾತೆ ಪುಸ್ತಕವನ್ನು ತಂದರು.

ಕೆಂಪು ಬಟ್ಟೆಯ ರಟ್ಟಿನ ಆ ಪುಸ್ತಕದಲ್ಲಿ ಪ್ರತಿವರ್ಷ ಸುಗ್ಗಿಯ ಲೆಕ್ಕದ ಕೆಳಗೆ ಆಯದ ಪಟ್ಟಿಯಿತ್ತು: ಬಡಿಗ, ಕಂಬಾರ, ಅಗಸ, ಅಂಬಿಗ. ವರ್ಷವಿಡೀ ಆಚೆ ದಂಡೆಯ ಹೊಲಕ್ಕೆ ಆಳುಗಳನ್ನೂ, ಬೀಜದ ಚೀಲಗಳನ್ನೂ, ಬಸುರಿ ಹೆಣ್ಣುಮಕ್ಕಳನ್ನೂ ದಾಟಿಸಿದ್ದಕ್ಕೆ ಅಂಬಿಗರ ಮನೆಗೆ ರಾಶಿಯಲ್ಲಿ ಒಂದು ಚೀಲ ಜೋಳ. ಸೇತುವೆಯಾದ ಮರುವರ್ಷದಿಂದ ಅಂಬಿಗನ ಸಾಲು ಪಟ್ಟಿಯಲ್ಲಿಲ್ಲ. ಮತ್ತೆ ಆ ಹೆಸರು ಬರುವುದು 1986ರ ಬರದಲ್ಲಿ, ಸಾಲದ ಪುಟದಲ್ಲಿ: ಜೋಳ 3 ಚೀಲ, ಅಡವು ಹರಿಗೋಲು 1, ಹುಟ್ಟು 2. ಕೆಳಗೆ ಒಂದು ಹೆಬ್ಬೆಟ್ಟಿನ ಗುರುತು. ಸಾಲ ತೀರಿದ ಬರಹವೆಲ್ಲೂ ಇಲ್ಲ. ನಾವು ಚಿಕ್ಕವರಿದ್ದಾಗ "ನಮ್ಮ ಹರಗೋಲ" ಎಂದು ಗೆಳೆಯರಿಗೆ ತೋರಿಸಿ ಹೆಮ್ಮೆಪಟ್ಟಿದ್ದು ಈ ಅಡವಿನ ವಸ್ತುವನ್ನು. ಅಜ್ಜನವರು ನಿತ್ಯ ಲಿಂಗಪೂಜೆ ತಪ್ಪಿಸದ, ಜಂಗಮರನ್ನು ಬರಿಗೈಯಲ್ಲಿ ಕಳಿಸದ ಸಾತ್ವಿಕರು. ಅವರನ್ನು ದೂಷಿಸಲು ನಮಗೆ ನಾಲಗೆ ಏಳಲಿಲ್ಲ. ಪುಟವನ್ನು ಮುಚ್ಚಲು ಕೈಯೂ ಏಳಲಿಲ್ಲ.

ಸಂಜೆ ಮಾವನವರೂ ನಾವೂ ಅಂಬಿಗರ ಮನೆಗೆ ಹೋದೆವು. ಎಂಬತ್ತು ದಾಟಿದ ಹಿರಿಯರು ಹೊರಸಿನ ಮೇಲೆ ಕುಳಿತಿದ್ದರು. "ಶರಣ್ರೀ ಕಾಕಾ," ಎಂದೆವು. ಬಂದ ಕಾರಣವನ್ನು ಮಾವನವರು ತಡವರಿಸುತ್ತ ಹೇಳಿದರು. ಹಳೆಯ ಮಾತು ಬರುವುದೆಂದು ನಾವು ಅಂಜಿದ್ದೆವು. ಹಿರಿಯರು ಕೇಳಿದ್ದು ಒಂದೇ: "ತಳದ ಹೆಣಿಕಿ ಗಟ್ಟಿ ಐತೇನ್ರಿ?"

ಮುಂದಿನ ದಿನಗಳಲ್ಲಿ ಅವರು ಕಟ್ಟೆಯ ಮೇಲೆ ಕುಳಿತು ಹೇಳಿದರು, ನಾವು ಮಾಡಿದೆವು. ನಮ್ಮ ಮೊಳೆಗಳನ್ನೆಲ್ಲ ಮೊದಲು ಕೀಳಿಸಿದರು. ಮೊಳೆ ಬಿದಿರನ್ನು ಸೀಳುತ್ತದೆ, ತುಕ್ಕು ಹಿಡಿದು ಹೊದಿಕೆಯನ್ನೂ ಹರಿಯುತ್ತದೆ. ಮುರಿದ ಸೀಳನ್ನು ತೆಗೆಯಬಾರದು. ಅದರ ಮಗ್ಗುಲಿಗೆ ಹೊಸದನ್ನು, ಮುರಿದ ಜಾಗದಿಂದ ಎರಡೂ ಕಡೆ ಒಂದೊಂದು ಮೊಳ ಹೆಚ್ಚು ಬರುವಂತೆ, ಹೆಣಿಗೆಯ ಮೇಲೆ ಕೆಳಗೆ ನುಸುಳಿಸಿ ಹುರಿಯಿಂದ ಬಿಗಿಯಬೇಕು. ಹಳೆಯ ಬಿದಿರನ್ನು ಬಗ್ಗಿಸುವ ಮುಂಚೆ ರಾತ್ರಿಯಿಡೀ ಒದ್ದೆ ಗೋಣಿತಟ್ಟು ಹೊದಿಸಿಡಬೇಕು. ಹೊಸ ಬಿದಿರುಗಳನ್ನು ಬಾವಿಯಲ್ಲಿ ಮುಳುಗಿಸಿ, ಅವು ಹದವಾಗುವವರೆಗೆ ಧಾರವಾಡಕ್ಕೆ ಮರಳಿ, ಮೇ ಕೊನೆಯಲ್ಲಿ ಮತ್ತೆ ಬಂದೆವು.

ಹೊದಿಕೆಯ ವಿಷಯದಲ್ಲಿ ಬಹಳ ಚರ್ಚೆಯಾಯಿತು. ಹಿಂದೆ ಹೊದಿಕೆ ತೊಗಲಿನದು. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ ಪ್ರವಾಸಿ ಡೊಮಿಂಗೋ ಪಾಯಸ್ ಕೂಡ ಅಲ್ಲಿಯ ನದಿಯಲ್ಲಿ ಬುಟ್ಟಿಯಂತೆ ದುಂಡಾದ, ತೊಗಲು ಹೊದಿಸಿದ ದೋಣಿಗಳನ್ನು ಕಂಡುದಾಗಿ ಬರೆದಿದ್ದಾನೆ. ಹದಿನೈದು ಇಪ್ಪತ್ತು ಜನ, ಬೇಕಾದರೆ ಕುದುರೆ ಎತ್ತುಗಳು ಸಹ ಅವುಗಳಲ್ಲಿ ದಾಟುತ್ತಿದ್ದವಂತೆ. ನಾವು ರಾಮದುರ್ಗದ ನೇಕಾರರಿಂದ ದಪ್ಪ ಬಟ್ಟೆ ತರುವೆವೆಂದೆವು. "ಹರಗೋಲಕ್ಕ ಸೀರಿ ಉಡಸ್ತೀರೇನ್ರಿ?" ಎಂದು ಕಾಕಾ ನಕ್ಕರು. ಕೊನೆಗೆ ರಸಗೊಬ್ಬರದ ಪ್ಲಾಸ್ಟಿಕ್ ಚೀಲಗಳನ್ನು ಬಿಚ್ಚಿ ತೊಳೆದು, ನಮ್ಮ ಮನೆಯವರೂ ಅತ್ತೆಯವರೂ ದಬ್ಬಣದಿಂದ ಎರಡು ಪದರಾಗಿ ಹೊಲಿದರು.

ಡಾಂಬರನ್ನು ಮನೆಯಿಂದ ದೂರ, ಹಳೆಯ ಕಬ್ಬಿಣದ ಬುಟ್ಟಿಯಲ್ಲಿ ಸಣ್ಣ ಉರಿಯಲ್ಲಿ ಕಾಯಿಸಬೇಕು. ಒಂದು ಹನಿ ನೀರು ಬಿದ್ದರೂ ಸಿಡಿಯುತ್ತದೆ, ಮಕ್ಕಳನ್ನು ಹತ್ತಿರ ಬಿಡಬಾರದು. ಇದನ್ನೆಲ್ಲ ಪಾಲಿಸಿದ ನಾವು ಒಂದು ಕಡೆ ಎಡವಿದೆವು. ರಾತ್ರಿ ಬಿದ್ದ ಮಳೆಯಿಂದ ಚೀಲಗಳ ಹೊಲಿಗೆಯಲ್ಲಿ ತೇವವಿತ್ತು. ಕಾಕಾ ಬರುವ ಮೊದಲೇ ಮುಗಿಸಿ ಅವರಿಗೆ ತೋರಿಸುವ ಉತ್ಸಾಹದಲ್ಲಿ ಡಾಂಬರು ಬಳಿದೆವು. ಮಧ್ಯಾಹ್ನದ ಬಿಸಿಲಿಗೆ ರೊಟ್ಟಿ ಉಬ್ಬಿದಂತೆ ಅಲ್ಲಲ್ಲಿ ಗುಳ್ಳೆಗಳೆದ್ದವು. ಎರಡು ದಿನ ಕೆರೆದು ಕಿತ್ತು, ಒಣಗಿಸಿ, ಮತ್ತೆ ಬಳಿದೆವು.

ಸೋರುವಿಕೆಯ ಪರೀಕ್ಷೆಗೆ ನೀರು ಬೇಕಾಗಲಿಲ್ಲ. ಮಧ್ಯಾಹ್ನ ಹರಿಗೋಲನ್ನು ಕವುಚಿ ಹಾಕಿ ಮಕ್ಕಳನ್ನು ಒಳಗೆ ನುಸುಳಿಸಿದರು. ಕತ್ತಲೆಯಲ್ಲಿ ಎಲ್ಲಿ ಬೆಳಕಿನ ಚುಕ್ಕೆ ಕಾಣುವುದೋ ಅಲ್ಲಿ ತೂತು. ಒಳಗಿನಿಂದ "ಇಲ್ಲೊಂದು ಚಿಕ್ಕಿ!" ಎಂದು ಅವರು ಕೂಗಿ ತಟ್ಟಿದಲ್ಲೆಲ್ಲ ನಾವು ಹೊರಗಿನಿಂದ ಡಾಂಬರು ಹಚ್ಚಿದೆವು. ಹದಿನೇಳು ಚಿಕ್ಕೆಗಳನ್ನು ಎಣಿಸಿದರು.

ಶ್ರಾವಣದ ಎರಡನೆಯ ಸೋಮವಾರ ಹೊಳೆಯಲ್ಲಿ ನೀರಿತ್ತು, ರಭಸವಿರಲಿಲ್ಲ. ವಿಭೂತಿ, ಪತ್ರಿ ಏರಿಸಿ ಹರಿಗೋಲನ್ನು ನೀರಿಗಿಳಿಸಿದೆವು. ಮೊದಲು ಹುಟ್ಟು ಹಿಡಿದವರು ನಾವೇ. ಒಂದು ಮಗ್ಗುಲಿಗೆ ಹಾಕಿದರೆ ಹರಿಗೋಲು ಬೀಸುಕಲ್ಲಿನಂತೆ ಸುತ್ತುತ್ತದೆ. ಮುಂದೆ ನೀರನ್ನು ಚುಚ್ಚಿ ತನ್ನತ್ತ ಎಳೆದುಕೊಳ್ಳಬೇಕೆಂಬುದನ್ನು ತಿಳಿಯುವಷ್ಟರಲ್ಲಿ ದಂಡೆಯ ಜನ ನಕ್ಕು ದಣಿದಿದ್ದರು. ಆಗ ಕಾಕಾ ಮೊಮ್ಮಗನ ಭುಜ ಹಿಡಿದು ಇಳಿದುಬಂದರು. ನಮ್ಮ ಮನೆಯವರು ತರಿಸಿದ್ದ ಲೈಫ್ ಜಾಕೆಟ್ ಅವರಿಗೂ ತೊಡಿಸಲಾಯಿತು. ಬೇಡವೆನ್ನಲಿಲ್ಲ, ಮಾತಾಡಿಸಲೂ ಇಲ್ಲ. ನಮ್ಮ ತಾಯಿಯವರನ್ನು ಎದುರಿಗೆ ಕೂಡ್ರಿಸಿಕೊಂಡು, ನಿಂತೇ ಹುಟ್ಟು ಹಾಕುತ್ತ, ಗೆರೆ ಎಳೆದಂತೆ ಆಚೆ ದಂಡೆಗೆ ಒಯ್ದರು. ಮದುವೆಯಾಗಿ ಹೋಗುವಾಗ ತಾಯಿಯವರು ಈ ಹೊಳೆಯನ್ನು ದಾಟಿದ್ದು ಅವರ ತಂದೆಯ ಹರಿಗೋಲಿನಲ್ಲಂತೆ.

ಮರಳಿ ಬಂದ ಮೇಲೆ ಮಾವನವರು ಖಾತೆಯ ಆ ಪುಟವನ್ನು ಹರಿದು ಅವರ ಕೈಗಿತ್ತು, "ಹರಗೋಲ ನಿಮ್ಮದ ಕಾಕಾ, ನಿಮ್ಮ ಮನಿಗೇ ಒಯ್ಯಬೇಕು," ಎಂದರು. ಕಾಕಾ ಅದನ್ನು ಮೊಮ್ಮಗನಿಂದ ಓದಿಸಿ ಕೇಳಿದರು.

"ಬಡ್ಡಿ ಎಷ್ಟಾತ್ರಿ?"

"ಬಡ್ಡಿ ನಾವ ಕೊಡೂದೈತಿ, ಕಾಕಾ," ಎಂದರು ಮಾವನವರು. ನಿಂತುಹೋದ ಆಯದ ಚೀಲಗಳನ್ನು ಅವರು ಹಿಂದಿನ ರಾತ್ರಿ ಕುಳಿತು ಎಣಿಸಿದ್ದರು. ಎಲ್ಲವನ್ನೂ ಒಮ್ಮೆಗೆ ಕೊಡುವ ಶಕ್ತಿ ಇಂದಿನ ಒಕ್ಕಲುತನಕ್ಕಿಲ್ಲ. ಆ ವರ್ಷದ ಸುಗ್ಗಿಯಿಂದ ಎರಡೆರಡು ಚೀಲವೆಂದು ಮಾತಾಯಿತು. ಪುಟವನ್ನು ಕಾಕಾ ಹರಿಯಲಿಲ್ಲ. ನಾಲ್ಕಾಗಿ ಮಡಿಚಿ ಅಂಗಿಯ ಕಿಸೆಯಲ್ಲಿಟ್ಟುಕೊಂಡು ಹರಿಗೋಲಿನ ತಳವನ್ನು ಬೆರಳಿನಿಂದ ಒತ್ತಿ ನೋಡಿದರು. ಬರುವ ಕಾರಹುಣ್ಣಿಮೆಯ ಮೊದಲು ಇನ್ನೊಂದು ಕೈ ಡಾಂಬರು ಬೇಕು, ಬರುವಾಗ ಬೈಲಹೊಂಗಲದಿಂದ ಬಲಿತ ಬಿದಿರೂ ಎರಡು ತರಬೇಕು, ಮೊಮ್ಮಗನಿಗೆ ಹೆಣಿಗೆ ಇನ್ನೂ ಬರುವುದಿಲ್ಲ ಎಂದರು.