ಪಿಕಪ್ ಇತ್ತು, ಜಾಗ ಇರಲಿಲ್ಲ

ಡಾಂಬರು ರಸ್ತೆಯಿಂದ ನಮ್ಮ ಮನೆಗೆ ಒಂದೂಮುಕ್ಕಾಲು ಕಿಲೋಮೀಟರ್. ಕಳಸದಿಂದ ಸಂಸೆ ಕಡೆಗೆ ಹೋಗುವಾಗ ಬಸ್ಸಿಳಿದು, ಒಂದು ಹಳ್ಳ ದಾಟಿ, ಮೂರು ತಿರುವಿನ ಏರು ಹತ್ತಿದರೆ ನಮ್ಮ ತೋಟ. ಬೇಸಿಗೆಯಲ್ಲಿ ಯಾವ ಕಾರಾದರೂ ಬರುತ್ತೆ. ಮಳೆಗಾಲದ ಕಥೆ ಕೇಳಬೇಡಿ. ಕೆಂಪು ಮಣ್ಣು ಜಾರುಬಂಡೆ ಆಗುತ್ತೆ, ಹಳ್ಳ ತನಗೆ ಬೇಕಾದ ಹಾಗೆ ಹರಿಯುತ್ತೆ.

ನಾನು ಹೈಸ್ಕೂಲಿಗೆ ಹೋಗುತ್ತಿದ್ದಾಗ ಒಂದು ಜುಲೈಯಲ್ಲಿ ಅಜ್ಜಿಗೆ ಜ್ವರ ನೆತ್ತಿಗೇರಿತ್ತು. ಜೀಪು ಕೆಟ್ಟು ಗ್ಯಾರೇಜಿನಲ್ಲಿತ್ತು. ಅಜ್ಜಿಯನ್ನು ಕುರ್ಚಿಯಲ್ಲಿ ಕೂರಿಸಿ, ಕಂಬಳಿ ಹೊದೆಸಿ, ನಾಲ್ಕು ಜನ ಹೊತ್ತುಕೊಂಡು ರಸ್ತೆವರೆಗೆ ಹೋದರು. ಮುಂದಿನ ಎಡಗಾಲು ಹಿಡಿದವರು ನಮ್ಮ ಅಡಿಕೆ ತೋಟದ ಕೊನೆಗೌಡರು. ಅದು ಮರೆಯುವ ದೃಶ್ಯ ಅಲ್ಲ.

ಆಮೇಲೆ ಬಂತು 2019ರ ಆಗಸ್ಟ್. ಮೂಡಿಗೆರೆ ತಾಲ್ಲೂಕಿನ ಮಲೆಮನೆ, ಮಧುಗುಂಡಿಯಲ್ಲಿ ಗುಡ್ಡ ಕುಸಿದು ಮನೆಗಳೇ ಹೋದವು, ಚಾರ್ಮಾಡಿ ಘಾಟಿ ಬಂದ್ ಆಯ್ತು. ನಾನು ಬೆಂಗಳೂರಿನ ಆಫೀಸಿನಲ್ಲಿ ಕೂತು ಮೂರು ದಿನ ಅಪ್ಪನ ನಂಬರಿಗೆ ಫೋನ್ ಮಾಡುತ್ತಲೇ ಇದ್ದೆ. ನಾಲ್ಕನೇ ದಿನ ಅಪ್ಪನೇ ಗುಡ್ಡದ ತುದಿ ಹತ್ತಿ ಫೋನ್ ಮಾಡಿ, "ಎಂತ ಆಗ್ಲಿಲ್ಲ ಮಾರಾಯ, ಕರೆಂಟಿಲ್ಲ ಅಷ್ಟೇ" ಅಂದರು. ಅವತ್ತೇ ತೀರ್ಮಾನ ಮಾಡಿದೆ: ನನ್ನ ಮೊದಲ ಗಾಡಿ ಅಂತ ತಗೊಂಡರೆ ಫೋರ್ ಬೈ ಫೋರ್ ಪಿಕಪ್ಪೇ.

ವರ್ಕ್ ಫ್ರಂ ಹೋಮ್ ಕಾಲದಲ್ಲಿ, 2021ರ ಕೊನೆಗೆ, 2017ರ ಮಾಡೆಲ್ಲಿನ ಸೆಕೆಂಡ್ ಹ್ಯಾಂಡ್ ಇಸುಜು ವಿ-ಕ್ರಾಸ್ ಸಿಕ್ಕಿತು. ನಾಲ್ಕು ಬಾಗಿಲು, ಹಿಂದೆ ತೆರೆದ ಬಾಡಿ, 2.5 ಲೀಟರ್ ಡೀಸೆಲ್ ಎಂಜಿನ್. ಉದ್ದ 5,295 ಮಿ.ಮೀ. ನಮ್ಮ ಎರಡನೇ ತಿರುವಿನಲ್ಲಿ ಒಂದೇ ಸಲಕ್ಕೆ ತಿರುಗಲ್ಲ, ಹಿಂದೆ ಮುಂದೆ ಮಾಡಲೇಬೇಕು. ಅಪ್ಪ ಸುತ್ತ ಒಂದು ಸುತ್ತು ಬಂದು, "ಬಸ್ಸೇ ತಂದಿದ್ಯಲ್ಲ" ಅಂದರು. ಆದರೂ ಖುಷಿಯಾಗಿತ್ತು. ಎಷ್ಟು ಖುಷಿ ಅಂದರೆ, ಎರಡು ತಿಂಗಳಲ್ಲಿ ತಮ್ಮ ಹಳೇ ಮಹೀಂದ್ರ ಜೀಪನ್ನು ಮಾರಿಬಿಟ್ಟರು. "ಒಂದು ಮನೆಗೆ ಎರಡು ಎಂತಕ್ಕೆ?" ಅಂತ.

ಇನ್ನು ಮಾಡಿಫಿಕೇಶನ್ ಅನ್ನೋ ರೋಗದ ಬಗ್ಗೆ ಹೇಳ್ತೀನಿ. ಇದು ಹತ್ತಿದವರಿಗೆ ಗೊತ್ತು. ರಾತ್ರಿ ಹನ್ನೊಂದಕ್ಕೆ ಆಫೀಸ್ ಕಾಲ್ ಮುಗಿಸಿ, ಆಸ್ಟ್ರೇಲಿಯಾದವರು ಮರುಭೂಮಿಯಲ್ಲಿ ಪಿಕಪ್ ಓಡಿಸುವ ವಿಡಿಯೋ ನೋಡುತ್ತಾ ಕೂರೋದು. ಸಂಬಳ ಬಂದ ವಾರ ಒಂದು ಪಾರ್ಸೆಲ್ ಬರೋದು.

ಮೊದಲು ಟಯರು. ಕಂಪನಿ ಕೊಟ್ಟಿದ್ದು 245/70 ಆರ್16. ನಾನು ಹಾಕಿಸಿದ್ದು 265/70 ಆರ್16, ಆಲ್ ಟೆರೇನ್. ಲೆಕ್ಕ ಹಾಕಿದರೆ ಚಕ್ರದ ವ್ಯಾಸ 749 ಮಿ.ಮೀ.ನಿಂದ 777ಕ್ಕೆ ಏರುತ್ತೆ. ಹೆಚ್ಚಿದ್ದು 28 ಮಿ.ಮೀ., ಆದರೆ ಗಾಡಿ ಎದ್ದೇಳೋದು ಅದರ ಅರ್ಧ, ಬರೀ 14 ಮಿ.ಮೀ. ಮೀಟರ್ 100 ತೋರಿಸುವಾಗ ನಿಜವಾದ ವೇಗ 103ರ ಮೇಲಿರುತ್ತೆ. ಹದಿನಾಲ್ಕು ಮಿಲಿಮೀಟರ್ ಸಾಲದು ಅನ್ನಿಸಿ ಲಿಫ್ಟ್ ಕಿಟ್ ಹಾಕಿಸಿದೆ. ಹಿಂದೆ ಭಾರ ಹೊರುವುದಕ್ಕೆ ಗಟ್ಟಿ ಪಟ್ಟಾ. ಆಮೇಲೆ ಸ್ನಾರ್ಕೆಲ್, ವಿಂಚ್, ಎಲ್ಇಡಿ ಲೈಟು, ಮೇಲೆ ಟೆಂಟು. ಕೊನೆಗೆ ಹಿಂದಿನ ಬಾಡಿಗೆ ಫೈಬರ್ ಮುಚ್ಚಳ, ಒಳಗೆ ಎಡಗಡೆ ಫ್ರಿಜ್ಜು, ಬಲಗಡೆ ಎಳೆಯುವ ಡ್ರಾಯರು, ಮಧ್ಯೆ ನೀರಿನ ಟ್ಯಾಂಕು. ಒಟ್ಟು ಮೂರು ಲಕ್ಷ ದಾಟಿದ ಮೇಲೆ ಲೆಕ್ಕ ಬರೆಯೋದು ನಿಲ್ಲಿಸಿದೆ. ಅಮ್ಮ ಫ್ರಿಜ್ಜು ನೋಡಿ, "ಮನೇದಕ್ಕಿಂತ ಇದೇ ಚೆಂದ ಇದೆ" ಅಂದರು. ಅದು ಹೊಗಳಿಕೆ ಅಲ್ಲ ಅಂತ ಆಗ ಗೊತ್ತಾಗಲಿಲ್ಲ.

ವಿಂಚ್‌ಗೆ ಅಂತ ಮುಂದಿನ ಬಂಪರ್ ತೆಗೆದು ಉಕ್ಕಿನ ಬಂಪರ್ ಹಾಕಿದ್ದೆ. ಅದು ಕಾನೂನಿಗೆ ಸರಿ ಇಲ್ಲ ಅಂತ ತಿಳಿದಿದ್ದು ತಡವಾಗಿ. 2017ರ ಡಿಸೆಂಬರ್‌ನಲ್ಲೇ ಕೇಂದ್ರ ಸಾರಿಗೆ ಸಚಿವಾಲಯ ಬುಲ್ ಬಾರ್‌ಗಳ ಮೇಲೆ ಕ್ರಮ ತಗೊಳ್ಳಿ ಅಂತ ರಾಜ್ಯಗಳಿಗೆ ಬರೆದಿತ್ತು. ಅಡ್ಡ ಬಂದವರಿಗೆ ಪೆಟ್ಟು ಜಾಸ್ತಿ, ಒಳಗಿರುವವರಿಗೂ ಅಪಾಯ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಕಂಪನಿ ಕೊಟ್ಟ ವಿವರಕ್ಕೂ ಆರ್‌ಸಿಯಲ್ಲಿರುವುದಕ್ಕೂ ವ್ಯತ್ಯಾಸ ಬರುವ ಹಾಗೆ ಗಾಡಿ ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಹೇಳಿದೆ. ಹಾಗಾಗಿ ಏನಾದರೂ ಹಾಕಿಸುವ ಮೊದಲು ಆರ್‌ಟಿಒ ಮತ್ತು ಇನ್ಶೂರೆನ್ಸ್‌ನವರನ್ನು ಕೇಳಿ. ನಾನು ಕೇಳಿರಲಿಲ್ಲ. ಆಮೇಲೆ ಬಂಪರ್ ಬಿಚ್ಚಿಸೋದಕ್ಕೂ ದುಡ್ಡು ಕೊಟ್ಟೆ.

ಪಾಠ ಬೇರೆಯೂ ಆದವು. ಸ್ನಾರ್ಕೆಲ್ ಇದೆ ಅಂತ ಹಳ್ಳದಲ್ಲಿ ಧೈರ್ಯವಾಗಿ ಇಳಿಸಿದೆ. ಎಂಜಿನ್ನಿಗೆ ನೀರು ಹೋಗಲಿಲ್ಲ, ಹಿಂದಿನ ಆಕ್ಸಲ್ ಕುಡಿಯಿತು. ಓಡಿ ಬಿಸಿಯಾದ ಆಕ್ಸಲ್ ತಣ್ಣೀರಿಗೆ ಬಿದ್ದರೆ ಒಳಗಿನ ಗಾಳಿ ಕುಗ್ಗಿ ಉಸಿರುನಳಿಗೆಯಿಂದ ನೀರೆಳೆಯುತ್ತೆ. ಆ ನಳಿಗೆಯನ್ನೂ ಎತ್ತರಕ್ಕೆ ತಂದು ಕಟ್ಟಬೇಕಿತ್ತು. ಆಯಿಲ್ ಬಿಚ್ಚಿದಾಗ ಹಾಲು ಹಾಕಿದ ಕಾಫಿ ಸುರಿದ ಹಾಗಿತ್ತು.

ಅದಕ್ಕಿಂತ ಬೇಸರದ್ದು ವಿಂಚಿನ ಕಥೆ. 2022ರ ಮಳೆಗಾಲದಲ್ಲಿ ಸುಮ್ಮನೆ ಪರೀಕ್ಷೆ ಮಾಡೋಣ ಅಂತ ತೋಟದ ಕೆಸರಿನಲ್ಲಿ ಬೇಕೆಂದೇ ಗಾಡಿ ಹೂತು, ವಿಂಚಿನ ಉಕ್ಕಿನ ಹಗ್ಗವನ್ನು ಎದುರಿನ ಸಿಲ್ವರ್ ಮರಕ್ಕೆ ನೇರವಾಗಿ ಸುತ್ತಿದೆ. ಗಾಡಿ ಮೇಲೆ ಬಂತು. ಆದರೆ ಆ ಮರಕ್ಕೆ ಹಬ್ಬಿದ್ದ ಮೆಣಸಿನ ಬಳ್ಳಿ ಬುಡದಿಂದ ಎರಡಡಿ ಮೇಲೆ ತುಂಡಾಗಿತ್ತು, ಮರದ ತೊಗಟೆಯೂ ಸುಲಿದಿತ್ತು. ನಾನು ಹುಟ್ಟಿದ ವರ್ಷ ಅಪ್ಪ ನೆಟ್ಟಿದ್ದ ಬಳ್ಳಿ. ಅಪ್ಪ ಬಂದು ನೋಡಿದರು. ತುಂಡಾದ ಬಳ್ಳಿಯನ್ನು ಎತ್ತಿ ಮರಕ್ಕೆ ಒರಗಿಸಿದರು, ಅದು ಮತ್ತೆ ಹತ್ತೀತು ಅನ್ನೋ ಹಾಗೆ. ಬೈಯಲೇ ಇಲ್ಲ. ಮರಕ್ಕೆ ಸುತ್ತುವ ಅಗಲ ಪಟ್ಟಿ ಅಂತ ಒಂದಿದೆ, ಅದಿಲ್ಲದೆ ವಿಂಚ್ ಮುಟ್ಟಬಾರದು ಅಂತ ಎಲ್ಲಾ ವಿಡಿಯೋದಲ್ಲೂ ಹೇಳಿದ್ದರು. ನಾನು ಆ ಭಾಗ ಓಡಿಸಿ ನೋಡಿದ್ದೆ.

ಈಗ ನಿಜವಾದ ವಿಷಯಕ್ಕೆ ಬರ್ತೀನಿ.

2023ರ ಜುಲೈ. ಮಳೆ ಒಂದು ದಿನ ಹೊಳವಾಗಿತ್ತು. ಕೊಳೆರೋಗ ಬರದ ಹಾಗೆ ಅಡಿಕೆಗೆ ಬೋರ್ಡೋ ಹೊಡೆಯೋದು ಇಂಥ ಹೊಳವಿನಲ್ಲೇ. ಮೈಲುತುತ್ತ, ಸುಣ್ಣ ಕಲಸಿ, ಕೊನೆಗೌಡರು ಮರ ಹತ್ತಿದ್ದರು. ಅದೇ ಕೊನೆಗೌಡರು, ಅಜ್ಜಿಯ ಕುರ್ಚಿ ಹೊತ್ತವರು. ಈಗ ಐವತ್ತು ದಾಟಿದೆ. ನಾನು ಮನೆಯಲ್ಲಿ ಮೀಟಿಂಗಿನಲ್ಲಿದ್ದೆ. ಅಪ್ಪ ಕೂಗಿದ ದನಿ ಕೇಳಿ ಲ್ಯಾಪ್‌ಟಾಪ್ ಹಾಗೇ ಬಿಟ್ಟು ಓಡಿದೆ. ಪಾಚಿ ಕಟ್ಟಿದ ಮರದಿಂದ ಜಾರಿ ಬಸಿಗಾಲುವೆಗೆ ಬಿದ್ದಿದ್ದರು. ಪ್ರಜ್ಞೆ ಇತ್ತು. ಬಲಗಾಲು ತೊಡೆಯ ಹತ್ತಿರ ಇರಬಾರದ ಕಡೆಗೆ ತಿರುಗಿತ್ತು. ಸೊಂಟವೂ ನೋವು ಅಂತಿದ್ದರು.

"ಎತ್ತಿ ಕೂರಿಸ್ಬೇಡಿ. ಮಲಗಿದ ಹಾಗೇ ಇರ್ಲಿ" ಅಂದರು ಅಪ್ಪ. ವೈಫೈ ಕಾಲ್‌ನಲ್ಲಿ 108ಕ್ಕೆ ಫೋನ್ ಮಾಡಿದೆ. ಆಂಬುಲೆನ್ಸ್ ಡಾಂಬರು ರಸ್ತೆವರೆಗೆ ಬರುತ್ತೆ, ಮೇಲೆ ಹತ್ತಲ್ಲ. ಸರಿ, ಪಿಕಪ್ ಇದೆಯಲ್ಲ. ಇದಕ್ಕೇ ಅಲ್ವಾ ತಗೊಂಡಿದ್ದು?

ಗಾಡಿ ತಂದು ಹಿಂದಿನ ಬಾಗಿಲು ತೆಗೆದೆ. ಜಾಗ ಇಲ್ಲ.

ಫ್ರಿಜ್ಜು, ಡ್ರಾಯರು, ಟ್ಯಾಂಕು. ಒಂದು ಬೆಕ್ಕು ಮಲಗುವಷ್ಟು ಜಾಗ ಇರಲಿಲ್ಲ. ಒಳಗಿನ ಸೀಟಿನಲ್ಲಿ ಕಾಲು ಮಡಚದೆ ಮಲಗಿಸೋದು ಸಾಧ್ಯವೇ ಇಲ್ಲ. ಅಪ್ಪನ ಜೀಪು ಇದ್ದಿದ್ದರೆ ಹಿಂದೆ ಹಲಗೆ ಹಾಕಿ, ಕಂಬಳಿ ಹಾಸಿ, ಐದು ನಿಮಿಷದಲ್ಲಿ ಹೊರಡಬಹುದಿತ್ತು. ಅದು ಮಾರಿ ಒಂದು ವರ್ಷದ ಮೇಲಾಗಿತ್ತು.

ಡ್ರಾಯರಿಗೆ ಆರು ಬೋಲ್ಟ್. ಎಲ್ಲಾ ಆಲೆನ್ ಕೀ ಬೋಲ್ಟು. ಆ ಕೀ ಬೆಂಗಳೂರಿನ ಮನೆಯ ಕಪಾಟಿನಲ್ಲಿತ್ತು. ನಾನು ಇಕ್ಕಳ ಹಿಡಿದು ಒದ್ದಾಡುತ್ತಿದ್ದೆ, ಕೈ ನಡುಗುತ್ತಿತ್ತು. ಅಪ್ಪ ತೋಟದಿಂದ ಹಾರೆ ತಂದರು. "ಸರೀ ಆಚೆ" ಅಂದವರೇ ಪ್ಲೈವುಡ್ಡಿನ ಅಡಿಗೆ ಹಾರೆ ಕೊಟ್ಟು ಮೀಟಿದರು. ನಾಲ್ಕು ಮೀಟಿಗೆ ಅರವತ್ತೈದು ಸಾವಿರದ ಡ್ರಾಯರು ಅಂಗಳಕ್ಕೆ ಬಂತು. ಫ್ರಿಜ್ಜನ್ನು ನಾನೇ ಕಿತ್ತು ಎಸೆದೆ. ಕೊಟ್ಟಿಗೆಯ ಹಲಗೆ ಬಿಚ್ಚಿ ತಂದು, ಕೊನೆಗೌಡರನ್ನು ಅದರ ಮೇಲೆ ಮಲಗಿಸಿ, ಎರಡು ಕಾಲನ್ನೂ ಪಂಚೆಯಲ್ಲಿ ಒಟ್ಟಿಗೆ ಕಟ್ಟಿ, ಹಿಂದಿನ ಬಾಗಿಲು ತೆರೆದಿಟ್ಟುಕೊಂಡೇ ಓರೆಯಾಗಿ ಒಳಗೆ ತಳ್ಳಿದೆವು. ಇಷ್ಟಕ್ಕೆ ಇಪ್ಪತ್ತೈದು ನಿಮಿಷ ಹೋಗಿತ್ತು.

ಇಳಿಜಾರಿಗೆ ಚೈನು ಬೇಕಿತ್ತು. ನಮ್ಮ ಕಡೆ ಮಳೆಗಾಲದಲ್ಲಿ ಜೀಪಿನ ಹಿಂದಿನ ಚಕ್ರಕ್ಕೆ ಕಬ್ಬಿಣದ ಚೈನು ಸುತ್ತುತ್ತಾರೆ, ಆಗ ಕೆಸರಿನಲ್ಲೂ ಚಕ್ರ ಕಚ್ಚಿಕೊಳ್ಳುತ್ತೆ. ಅಪ್ಪನ ಹಳೇ ಚೈನು ಗೋಡೆಗೆ ನೇತಾಡುತ್ತಿತ್ತು. ನನ್ನ ದೊಡ್ಡ ಟಯರಿಗೆ ಅದು ಸುತ್ತು ಬರಲಿಲ್ಲ.

ಉಳಿದ ದಾರಿ ಒಂದೇ. ನಾಲ್ಕೂ ಟಯರಿನ ಗಾಳಿ 18 ಪಿಎಸ್ಐಗೆ ಇಳಿಸಿದೆ. ಗಾಳಿ ಇಳಿದರೆ ಟಯರು ಅಗಲವಾಗಿ ನೆಲಕ್ಕೆ ಕೂರುತ್ತೆ, ಹಿಡಿತ ಹೆಚ್ಚುತ್ತೆ, ಕುಲುಕಾಟವೂ ಕಡಿಮೆ. ಫೋರ್ ಲೋ, ಫಸ್ಟ್ ಗೇರ್. ಬ್ರೇಕ್ ಮುಟ್ಟಬಾರದು, ಮುಟ್ಟಿದರೆ ಚಕ್ರ ನಿಂತು ಗಾಡಿ ಜಾರುತ್ತೆ. ಎಂಜಿನ್ನೇ ಹಿಡಿದು ಇಳಿಸಬೇಕು. ಅಪ್ಪ ಮತ್ತು ಇನ್ನಿಬ್ಬರು ಹಿಂದೆ ಕೂತು ಹಲಗೆ ಹಿಡಿದುಕೊಂಡರು. "ಒಂದು ತಟ್ಟಿದ್ರೆ ನಿಲ್ಸು, ಎರಡು ತಟ್ಟಿದ್ರೆ ಹೋಗು" ಅಂದರು ಅಪ್ಪ, ಬಸ್ ಕಂಡಕ್ಟರ್ ಥರ.

ಲಗೇಜಿನ ಭಾರಕ್ಕೆ ಅಂತ ಹಾಕಿಸಿದ್ದ ಗಟ್ಟಿ ಪಟ್ಟಾ ಪ್ರತಿ ಕಲ್ಲನ್ನೂ ನೇರ ಹಲಗೆಗೆ ಮುಟ್ಟಿಸುತ್ತಿತ್ತು. ಅವರು ನರಳಿದ್ದು ನನಗೆ ಕ್ಯಾಬಿನ್ನಿನ ಗಾಜಿನಾಚೆಯಿಂದ ಕೇಳುತ್ತಿತ್ತು. ಒಂದು ತಟ್ಟು, ನಿಲ್ಲಿಸು. ಎರಡು ತಟ್ಟು, ಹೋಗು. ಎರಡನೇ ತಿರುವಿನಲ್ಲಿ ನಾಲ್ಕು ಸಲ ಹಿಂದೆ ಮುಂದೆ. ಹಳ್ಳದಲ್ಲಿ ನೀರು ಮೊಣಕಾಲಿನವರೆಗಿತ್ತು, ದಾಟಿದೆವು. ಒಂದೂಮುಕ್ಕಾಲು ಕಿಲೋಮೀಟರಿಗೆ ನಲವತ್ತು ನಿಮಿಷ.

ಆಂಬುಲೆನ್ಸ್ ಕಾದಿತ್ತು. ಕಳಸದಲ್ಲಿ ಮೊದಲ ಚಿಕಿತ್ಸೆ, ಅಲ್ಲಿಂದ ಮಂಗಳೂರು. ತೊಡೆಯ ಮೂಳೆ ಮುರಿದಿತ್ತು, ರಾಡ್ ಹಾಕಿದರು. ಬೆನ್ನುಮೂಳೆಗೆ ಏನೂ ಆಗಿರಲಿಲ್ಲ. ಅದು ನಮ್ಮ ಪುಣ್ಯ. ಆ ಇಪ್ಪತ್ತೈದು ನಿಮಿಷದಿಂದ ಏನೂ ಕೆಡಲಿಲ್ಲ ಅಂತ ಎಲ್ಲರೂ ಸಮಾಧಾನ ಹೇಳಿದರು. ಆದರೆ ರಕ್ತ ಸೋರುವ ಗಾಯ ಆಗಿದ್ದರೆ? ನಾನು ಈಗಲೂ ಕೆಲವೊಮ್ಮೆ ರಾತ್ರಿ ಆ ಲೆಕ್ಕ ಹಾಕ್ತೀನಿ. ಅಜ್ಜಿಯನ್ನು ಹೊತ್ತವರಿಗೆ ನನ್ನ ಗಾಡಿಯಲ್ಲಿ ಜಾಗ ಇರಲಿಲ್ಲ.

ಟೆಂಟು, ಫ್ರಿಜ್ಜು ಮಾರಿದೆ. ಆ ಹಣ ಮಂಗಳೂರಿನ ಬಿಲ್ಲಿಗೆ ಸೇರಿತು. ಫೈಬರ್ ಮುಚ್ಚಳ ತೆಗೆಸಿದೆ. ಲಿಫ್ಟ್ ಕಿಟ್ ಮತ್ತು ಗಟ್ಟಿ ಪಟ್ಟಾ ಬಿಚ್ಚಿಸಿ ಕಂಪನಿಯದ್ದೇ ವಾಪಸ್ ಹಾಕಿಸಿದೆ. ಟಯರು ಉಳಿಸಿಕೊಂಡೆ. ಬಾಡಿಯ ಒಳಗೆ ಹಗ್ಗ ಕಟ್ಟಲು ಎಂಟು ಕೊಂಡಿ ಹಾಕಿಸಿದೆ. ಆರಡಿ ಹಲಗೆ, ಒಂದು ಕಂಬಳಿ, ಟಾರ್ಪಲ್, ಗಾಳಿ ಗೇಜು, ಪುಟ್ಟ ಕಂಪ್ರೆಸರ್, ಎಳೆಯುವ ಪಟ್ಟಿ, ಎಲ್ಲಾ ಬೋಲ್ಟಿಗೂ ಆಗುವ ಕೀಗಳ ಒಂದು ಚೀಲ. ಮೂಡಿಗೆರೆಯಲ್ಲಿ ವೆಲ್ಡಿಂಗ್‌ನವರ ಹತ್ತಿರ ನನ್ನ ಟಯರಿನ ಅಳತೆಗೆ ಚೈನು ಮಾಡಿಸಿದೆ. ಇವೆಲ್ಲಾ ಸೇರಿ ಆ ಡ್ರಾಯರಿನ ಅರ್ಧ ಬೆಲೆಯೂ ಆಗಲಿಲ್ಲ.

ಆಫ್‌ರೋಡ್ ಹುಚ್ಚು ಬಿಟ್ಟಿಲ್ಲ. ಗೆಳೆಯರ ತೋಟದಲ್ಲಿ ಕೇಳಿಕೊಂಡು ಓಡಿಸ್ತೀನಿ. ಕ್ಯಾತನಮಕ್ಕಿಗೆ ಹೋಗಬೇಕು ಅನ್ನಿಸಿದರೆ ಹೊರನಾಡು ಕಡೆಯ ಜೀಪಿನವರ ಜೊತೆ ಕೂತು ಹೋಗ್ತೀನಿ. ದಿನಾ ಅದೇ ಕಲ್ಲಿನ ಮೇಲೆ ಓಡಿಸುವವರಿಂದ ಕಲಿತಷ್ಟು ವಿಡಿಯೋದಿಂದ ಕಲಿಯಲಿಲ್ಲ. ಗುಡ್ಡದ ಹುಲ್ಲಿನ ಮೇಲೆ ಮಾತ್ರ ಗಾಡಿ ಹತ್ತಿಸಲ್ಲ. ಇವತ್ತು ನಮ್ಮ ಚಕ್ರ ಮಾಡಿದ ಗೀರು ಮುಂದಿನ ಮಳೆಗೆ ಕಾಲುವೆ ಆಗುತ್ತೆ, ಅದರ ಮಣ್ಣು ಕೆಳಗಿನವರ ಗದ್ದೆಗೆ ಬರುತ್ತೆ.

ನೀವೂ ಮೊದಲ ಪಿಕಪ್ ತಗೊಂಡು ಏನೇನೋ ಹಾಕಿಸುವ ಯೋಚನೆಯಲ್ಲಿದ್ದರೆ ಒಂದು ಮಾತು. ಪಟ್ಟಿ ಮಾಡುವ ಮೊದಲು ಮನೆಯವರನ್ನು, ತೋಟದವರನ್ನು ಕೇಳಿ: ಈ ಗಾಡಿಯಿಂದ ನಿಮಗೆ ಏನಾಗಬೇಕು ಅಂತ. ನಾನು ಎರಡು ವರ್ಷ ತಡವಾಗಿ ಕೇಳಿದೆ. ಅಮ್ಮ, "ಕಾಫಿ ಮೂಟೆ ಹೋಗ್ಬೇಕು, ನಂಗೆ ಹತ್ತೋಕೆ ಒಂದು ಮೆಟ್ಟಿಲು ಬೇಕು" ಅಂದರು. ಮೆಟ್ಟಿಲು ಹಾಕಿಸಿದ್ದೀನಿ.

ಕೊನೆಗೌಡರು ಈಗ ಮರ ಹತ್ತಲ್ಲ. ಕಾರ್ಬನ್ ಫೈಬರ್ ದೋಟಿಯಲ್ಲಿ ನೆಲದ ಮೇಲೆ ನಿಂತೇ ಔಷಧಿ ಹೊಡೆಯೋದು ಕಲಿತಿದ್ದಾರೆ. ಸ್ವಲ್ಪ ಕುಂಟುತ್ತಾರೆ, ಹಾಗಾಗಿ ಬೆಳಗ್ಗೆ ರಸ್ತೆಯಿಂದ ತೋಟಕ್ಕೆ ನಾನೇ ಕರೆತರೋದು. ಮುಂದೆ ಕೂರಿ ಅಂದರೆ ಕೇಳಲ್ಲ. ಹಿಂದೆ, ಆ ಹಲಗೆಯ ಮೇಲೆ ಕಾಲು ಚಾಚಿ ಕೂತು, ಕ್ಯಾಬಿನ್ನಿಗೆ ಎರಡು ತಟ್ಟುತ್ತಾರೆ.